ತವರುಮನ್ಯಾಗ ಹೂ ಬಿಡೋ ಜೇಡ್ ಗಿಡ ನಮ್ಮ ಫ್ಲ್ಯಾಟ್‌ನ್ಯಾಗ ಯಾಕ ಬಿಡವಲ್ದು?

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದಾಗ ಮೂರನೇ ಫ್ಲೋರಿನ ಫ್ಲ್ಯಾಟ್‌ನ್ಯಾಗ ಇರ್ತೀವ್ರಿ. 6 ವರ್ಷದ ಹಿಂದ ಧಾರವಾಡ ಮಾಳಮಡ್ಡಿ ನಮ್ಮ ತವರುಮನಿ ಹಿತ್ತಲದಾಗಿನ ಜೇಡ್ ಗಿಡದ ಒಂದು ಟೊಂಗಿ ತಂದು ಹಚ್ಚಿದ್ದೆ, ಈಗ ಮೊಣಕಾಲೆತ್ತರ ಆಗೈತಿ, ಎಲಿ ಅಗದಿ ಹಸರಗ ದಪ್ಪಗ ಅದಾವ. ಹಾಲ್‌ನ್ಯಾಗ ಟಿವಿ ಬಾಜೂಕ ಇಟ್ಟೀನಿ, ಎರಡು ದಿನಕ್ಕೊಮ್ಮೆ ನೀರು, ತಿಂಗಳಿಗೊಮ್ಮೆ 19:19:19 ಗೊಬ್ಬರ, ಆಕಾರ ಛಂದ ಇರ್ಲಿ ಅಂತ ದೀಪಾವಳಿ ಮುಂದ ತುದಿ ಕತ್ತರಸ್ತೀನಿ. ಅಲ್ಲಿ ಹಿತ್ತಲದಾಗಿನ ತಾಯಿ ಗಿಡಕ್ಕ ಯಾರೂ ಏನೂ ಮಾಡಂಗಿಲ್ಲ, ಆದ್ರೂ ಪ್ರತಿ ಸಂಕ್ರಾಂತಿಗೆ ಬೆಳ್ಳನ ಹೂ ತುಂಬ್ಕೊಂಡು ನಿಂದರ್ತೈತಿ. ನಂದು ಇವತ್ತಿನ ತನಕ ಒಂದು ಮೊಗ್ಗೂ ಇಟ್ಟಿಲ್ಲ. ನಾ ಏನು ಕಡಿಮಿ ಮಾಡೀನ್ರಿ?

ಉತ್ತರ: ನೀವು ಕಡಿಮಿ ಮಾಡಿದ್ದು ಒಂದ ಒಂದು ಅಕ್ಕಾರ, ರಾತ್ರಿ. ಉಳದಿದ್ದೆಲ್ಲಾ ಹೆಚ್ಚಾಗೈತಿ.

ನಿಮ್ಮ ಪ್ರಶ್ನಿ ಓದಿ ನನಗ ಭಾಳ ಖುಷಿ ಆತು ನೋಡ್ರಿ, ಯಾಕಂದ್ರ ಸಾಮಾನ್ಯ ಜನ "ನನ್ನ ಜೇಡ್ ಹೂ ಬಿಡವಲ್ದು" ಅಂತ ಅಷ್ಟ ಬರೀತಾರ, ಆಗ ಗಿಡದ ತಪ್ಪೋ ಹವಾದ ತಪ್ಪೋ ಇಟ್ಟ ಜಾಗದ ತಪ್ಪೋ ಗೊತ್ತಾಗಂಗಿಲ್ಲ. ನಿಮ್ದು ಹಂಗಲ್ಲ. ಅದ ಗಿಡದ ಟೊಂಗಿ, ನಡುವ 20 ಕಿಲೋಮೀಟರ್ ದಾರಿ, ಮ್ಯಾಲಿನ ಮುಗಲು ಒಂದ. ಧಾರವಾಡ ಸ್ವಲ್ಪ ಎತ್ತರದಾಗೈತಿ, ಒಂದೆರಡು ಡಿಗ್ರಿ ಥಂಡಿ ಜಾಸ್ತಿ, ಖರೆ, ಆದ್ರ ಅಷ್ಟಕ್ಕ ಒಂದು ಗಿಡ ಮೈತುಂಬ ಹೂ ಬಿಟ್ಟು ಇನ್ನೊಂದು 6 ವರ್ಷ ಸುಮ್ನ ಕುಂದ್ರಂಗಿಲ್ಲ. ಹಿತ್ತಲಕ್ಕೂ ಹಾಲ್‌ಗೂ ಏನು ಫರಕ್ ಅಂತ ನೋಡಿದ್ರ ಉತ್ರ ಅಲ್ಲೇ ಐತಿ.

ಹಿತ್ತಲದಾಗ ಸಂಜಿ ಆರಕ್ಕ ಕತ್ತಲಾಗ್ತೈತಿ. ನಿಮ್ಮ ಹಾಲ್‌ನ್ಯಾಗ ಸಂಜಿ ಆರಕ್ಕ ಟ್ಯೂಬ್‌ಲೈಟ್ ಹತ್ತತೈತಿ, ಟಿವಿ ಸೀರಿಯಲ್ಲು, ಮಕ್ಕಳ ಹೋಂವರ್ಕು, ಊಟ, ಮ್ಯಾಚ್ ಇದ್ರಂತೂ ಹನ್ನೊಂದೂವರಿ ತನಕ ಬೆಳಕ. ಅಂದ್ರ ಡಿಸೆಂಬರ್‌ನ್ಯಾಗ ಹೊರಗಿನ ಜಗತ್ತಿಗೆ ಹಗಲು 11 ತಾಸು ಚಿಲ್ರೆ ಇದ್ರ ನಿಮ್ಮ ಗಿಡಕ್ಕ 16-17 ತಾಸು ಹಗಲು. ಅದರ ಲೆಕ್ಕದಾಗ ನಿಮ್ಮನ್ಯಾಗ ವರ್ಷಪೂರ್ತಿ ಬ್ಯಾಸಗಿ, ಚಳಿಗಾಲ ಅನ್ನೋದು ಬಂದ ಇಲ್ಲ.

ಇದು ಜೇಡ್‌ದ ಒಂದ ಹಟ ಅಲ್ರಿ. ನಮ್ಮ ಕಡೆ ಊರ ಅವರಿ ನೋಡ್ರಿ, ಮುಂಗಾರಿಗೆ ಬಿತ್ತಿದ್ರೂ ಬಳ್ಳಿ ಹಬ್ಬಸ್ಕೊಂತ ಹೋಗ್ತೈತಿ ಹೊರತು ಹೂ ಬಿಡೋದು ಹೊತ್ತು ಸಣ್ಣದಾದ ಮ್ಯಾಲನ. ಸೇವಂತಿಗಿನೂ ಹಂಗ, ಬೆಂಗಳೂರು ಕಡೆ ಹೋದವ್ರು ನೋಡಿರಬೇಕು, ಸೇವಂತಿಗಿ ಹೊಲದಾಗ ರಾತ್ರಿ ಸಾಲು ಸಾಲು ಬಲ್ಬ್ ಹಚ್ಚಿರ್ತಾರ, ಅದು ಕಳ್ಳರ ಸಲುವಾಗಿ ಅಲ್ಲ, ಹೂ ಲಗೂನ ಬರಬಾರ್ದು ಗಿಡ ಇನ್ನಷ್ಟು ಬೆಳೀಲಿ ಅಂತ. ಎಲಿ ಒಳಗ ಬೆಳಕು ಗುರ್ತಿಸೋ ಒಂದು ಬಣ್ಣದ ವಸ್ತು ಇರ್ತೈತಿ, ಫೈಟೋಕ್ರೋಮ್ ಅಂತಾರ, ಅದು ಹಗಲಿಗಿಂತ ರಾತ್ರಿ ಎಷ್ಟು ಉದ್ದ ಐತಿ ಅನ್ನೋದನ್ನ ಅಳೀತೈತಿ, ಅದೂ ಎಡಬಿಡದ ಇರೋ ರಾತ್ರಿ. ನಡು ರಾತ್ರ್ಯಾಗ ಹತ್ತು ಹದಿನೈದು ನಿಮಿಷ ಲೈಟ್ ಹಚ್ಚಿದ್ರೂ ಇಂಥಾ ಕೆಲವು ಗಿಡದ ಲೆಕ್ಕ ಕೆಟ್ಟು ಹೊಳ್ಳಿ ಒಂದರಿಂದ ಶುರು ಆಗ್ತೈತಿ. ಸೇವಂತಿಗಿ ಬೆಳೆಯವ್ರು ಬೇಕಂತ ಮಾಡೋದನ್ನ ನೀವು ಗೊತ್ತಿಲ್ದ ಟಿವಿ ಮುಂದ ಮಾಡಾಕತ್ತೀರಿ, ಇಷ್ಟ.

ನಾ ಹೇಳಿದ್ರ ನಂಬಂಗಿಲ್ಲ ಅಂದ್ರ ನನ್ನ ಕತಿನ ಕೇಳ್ರಿ. ನಂದೂ ಎರಡು ಗಿಡ ಇದ್ದು, ಒಂದ ಗಿಡದ ಎರಡು ಟೊಂಗಿ, ಒಂದ ದಿನ ಹಚ್ಚಿದ್ದು. ಒಂದು ಮುಂದಿನ ಬಾಗಲ ಬಾಜೂಕ, ಬಂದವ್ರಿಗೆ ಕಾಣ್ಲಿ ಅಂತ, ಪ್ಯಾಸೇಜಿನ ಬಲ್ಬ್ ಕೆಳಗ. ಇನ್ನೊಂದು ಆಕಾರಗೇಡಿ, ಅದನ್ನ ಹಿಂದ ಬಟ್ಟಿ ಒಗಿಯೋ ಕಟ್ಟಿ ಮ್ಯಾಲ ಇಟ್ಟಿದ್ದೆ, ಅಲ್ಲಿ ಸಂಜಿ ಆದ್ರ ಯಾರೂ ಹೋಗಂಗಿಲ್ಲ. ಐದನೇ ವರ್ಷ ಜನವರಿಯೊಳಗ ಹಿಂದಿಂದು ಹೂ ಬಿಡ್ತು. ಮುಂದಿಂದಕ್ಕ ನಾ ಗೊಬ್ಬರ ಜಾಸ್ತಿ ಹಾಕ್ದೆ (ತಜ್ಞ ಅನ್ನಿಸಿಕೊಂಡವನ ಬುದ್ಧಿ ನೋಡ್ರಿ). ಎರಡು ವರ್ಷ ಆದಮ್ಯಾಲ ಪ್ಯಾಸೇಜಿನ ಬಲ್ಬ್ ಹೋತು, ಹಾಕೋವ್ರು ಯಾರು ಅಂತ ಬಾಜೂ ಮನಿಯವ್ರೂ ನಾವೂ ಒಬ್ಬರ ಮುಖ ಒಬ್ರು ನೋಡ್ಕೊಂತ ದಸರಾದಿಂದ ಎಳ್ಳಅಮಾಸಿ ತನಕ ಕತ್ತಲದಾಗ ಅಡ್ಡಾಡಿದ್ವಿ, ಆ ವರ್ಷ ಮುಂದಿನ ಗಿಡನೂ ಹೂ ಬಿಡ್ತು.

ಮುಂದ ಹೋಗೋಕಿಂತ ಮುಂಚೆ ಇದನ್ನ ಓದೋ ಉಳದವ್ರಿಗೆ ಒಂದು ಮಾತು ಹೇಳಬೇಕು, ಇದು ನಿಮಗ ಬೇಕಾಗಿಲ್ಲ ಆದ್ರ ಹತ್ತರಾಗ ಎಂಟು ಮಂದಿಗೆ ಬೇಕು. ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ನರ್ಸರಿಯೊಳಗ "ಜೇಡ್" ಅಂತ ಕೊಡೋದು ಬಹಳ ಸಲ ಜೇಡ್ ಅಲ್ಲ. ಸಣ್ಣ ಸಣ್ಣ ದುಂಡನ ಎಲಿ, ಹೆಬ್ಬೆರಳ ಉಗುರಿನಷ್ಟು, ಕೆಂಪು-ಕಂದು ಬಣ್ಣದ ತೆಳ್ಳನ ಟೊಂಗಿ, ಬಗ್ಗಿಸಿದ್ರ ಬಾಗ್ತೈತಿ, ಕೆಳಗ ಜೋತು ಬೀಳ್ತೈತಿ, ಇಂಥಾದ್ದು ಇದ್ರ ಅದು ಪೋರ್ಚುಲಕೇರಿಯಾ ಆಫ್ರಾ. ದಕ್ಷಿಣ ಆಫ್ರಿಕಾದಾಗ ಅದಕ್ಕ ಸ್ಪೆಕ್‌ಬೂಮ್ ಅಂತಾರ, ಆನಿ ತಿಂತಾವ, ಮನಷ್ಯಾರೂ ತಿಂತಾರ, ಎಲಿ ಹುಳಿ ಇರ್ತೈತಿ. ಖರೆ ಜೇಡ್ ಕ್ರಾಸುಲಾ ಓವಾಟಾ, ಅದೂ ಆ ಕಡೆದ, ದಕ್ಷಿಣ ಆಫ್ರಿಕಾ ಮತ್ತ ಮೊಜಾಂಬಿಕ್‌ದ್ದು, ಆದ್ರ ಕುಟುಂಬ ಬ್ಯಾರೆ. ಅದರ ಎಲಿ ದೊಡ್ಡದು, ಒಂದೂವರಿ ಎರಡು ಇಂಚು, ಮತ್ತ ದಪ್ಪ, ಚೊಲೋ ಬಿಸಲು ಬಿದ್ರ ಅಂಚು ಕೆಂಪಗಾಗ್ತೈತಿ, ಕಾಂಡ ಬೂದು ಬಣ್ಣದ್ದು, ಆನಿ ಕಾಲಿನಂಗ ಮೆತ್ತಗ ದಪ್ಪಗ, ಬಗ್ಗಿಸಿದ್ರ ಲಟಕ್ಕನ ಮುರೀತೈತಿ. ಸಣ್ಣ ಎಲಿದಕ್ಕೂ ಹೂ ಬರ್ತಾವ, ಗುಲಾಬಿ ಬಣ್ಣದ ಪುಟ್ಟ ಹೂ, ಆದ್ರ ಪಾಟ್‌ನ್ಯಾಗ, ಅದೂ ಮನಿ ಒಳಗ, ಬಹಳ ಅಪರೂಪ, ಅದರ ಸಲುವಾಗಿ ಜೀವಾ ತೇಯಬ್ಯಾಡ್ರಿ, ಬೋನ್ಸಾಯ್ ಮಾಡ್ರಿ, ಅದಕ್ಕ ಅದು ಬರೋಬ್ಬರಿ. ಇನ್ನೊಂದು, ಮನ್ಯಾಗ ಬೆಕ್ಕು ನಾಯಿ ಇದ್ರ ಖರೆ ಜೇಡ್ ಎಲಿ ಅವು ತಿನ್ನದಂಗ ನೋಡ್ಕೋರಿ, ವಾಂತಿ ಮಾಡ್ಕೊಂತಾವ.

ಈಗ ಹೊಳ್ಳಿ ನಿಮ್ಮ ಗಿಡಕ್ಕ ಬರೋಣು. ಗಣಪತಿ ಕಳಸಿ ಆತು, ಅಂದ್ರ ಟೈಮ್ ಐತಿ.

ಮೊದಲ ಹಾಲ್‌ನಿಂದ ಹೊರಗ ತಗೀರಿ. ಬಾಲ್ಕನಿ ಇದ್ರ ಬಾಲ್ಕನಿಗೆ, ದಕ್ಷಿಣ ದಿಕ್ಕಿಂದು ಇದ್ರ ಭಾಳ ಚೊಲೋ, ಯಾಕಂದ್ರ ದಸರಾ ಮುಗದ ಮ್ಯಾಲ ಸೂರ್ಯ ದಕ್ಷಿಣಕ್ಕ ವಾಲ್ತಾನ, ಆ ಬಾಲ್ಕನ್ಯಾಗ ಒಳತನಕ ಬಿಸಲು ಬರ್ತೈತಿ. ಪೂರ್ವದ್ದೂ ನಡೀತೈತಿ. ಉತ್ತರದ್ದೊಂದ ಇದ್ರ ಕಷ್ಟ, ಗಚ್ಚಿ ಮ್ಯಾಲ ಜಾಗಾ ನೋಡ್ರಿ. ಬಾಲ್ಕನಿನ ಇಲ್ಲಂದ್ರ ದಕ್ಷಿಣದ ಬೆಡ್‌ರೂಮಿನ ಖಿಡಕಿ ಕಟ್ಟಿ, ಅಲ್ಲಿ ನಾಕು ತಾಸಾದ್ರೂ ನೇರ ಬಿಸಲು ಬೀಳಬೇಕು, ರಾತ್ರಿ ಖಿಡಕಿ ತಗದಿಡಬೇಕು, ಮತ್ತ ಆ ರೂಮಿನಾಗ ಸಂಜಿಮುಂದ ಲೈಟ್ ಹಚ್ಚಬಾರ್ದು. ಜನ "ವಾಸ್ತು ಪ್ರಕಾರ ಆಗ್ನೇಯ ಮೂಲ್ಯಾಗ ಇಡಬೇಕಂತ್ರೀ, ರೊಕ್ಕ ಬರ್ತೈತಂತ" ಅಂತ ಕೇಳ್ತಾರ. ಆ ಮೂಲ್ಯಾಗ ಬಿಸಲು ಬರ್ತಿದ್ರ ಇಡ್ರಿ, ಫ್ರಿಜ್ ಹಿಂದ ಕತ್ತಲ ಮೂಲಿ ಇದ್ರ ರೊಕ್ಕಾನೂ ಬರಂಗಿಲ್ಲ ಹೂನೂ ಬರಂಗಿಲ್ಲ.

ಆದ್ರ ಒಮ್ಮೆಲೆ ಬಿಸಲಿಗೆ ಒಗೀಬ್ಯಾಡ್ರಿ, 6 ವರ್ಷ ಟಿವಿ ನೋಡ್ಕೊಂತ ಕುಂತಿದ್ದ ಗಿಡ ಅದು, ಎಲಿ ಸುಟ್ಟು ಕಂದು ಕಲಿ ಬೀಳ್ತಾವ. ಒಂದು ವಾರ ನೆರಳಿನ ಬೆಳಕಿನಾಗ, ಆಮ್ಯಾಲ ಮುಂಜಾನಿ ಬಿಸಲಷ್ಟ, ಹಿಂಗ ಮೂರು ವಾರ ತಗೋರಿ. ಎಲಿ ಅಂಚು ಕೆಂಪ ಬರಾಕತ್ತಿದ್ರ ಬಿಸಲು ಸಾಕಾಗಾಕತ್ತೈತಿ ಅಂತ ತಿಳ್ಕೋರಿ. ನಿಮ್ಮ ಪತ್ರದಾಗ "ಅಗದಿ ಹಸರಗ" ಅಂತ ಬರದೀರಲ್ಲ, ಅಲ್ಲೇ ನನಗ ಸಂಶೆ ಬಂದಿತ್ತು.

ಇನ್ನ ಕತ್ತಲ. ಸೀಗಿ ಹುಣ್ಣಿಮಿ ಹೊತ್ತಿಗೆ ಶುರು ಮಾಡ್ರಿ, ಅಲ್ಲಿಂದ ಎರಡು ತಿಂಗಳು ಆ ಗಿಡಕ್ಕ ಸಂಜಿ ಆರರಿಂದ ಮುಂಜಾನಿ ಏಳರ ತನಕ ಲೈಟಿನ ಬೆಳಕು ಬೀಳಬಾರ್ದು. ನಮ್ಮ ಅಕ್ಷಾಂಶದಾಗ ಡಿಸೆಂಬರ್ ರಾತ್ರಿ ತಾನಾಗೇ ಹನ್ನೆರಡೂವರಿ ತಾಸಿಗಿಂತ ಜಾಸ್ತಿ ಇರ್ತೈತಿ, ಮುಗಲು ಕೊಟ್ಟಿದ್ದನ್ನ ನಾವು ಕೆಡಸದಿದ್ರ ಸಾಕು. ಬಾಲ್ಕನಿ ಲೈಟ್ ಹಚ್ಚಬ್ಯಾಡ್ರಿ. ಹಾಲ್ ಬೆಳಕು ಗ್ಲಾಸಿನಾಗಿಂದ ಬೀಳ್ತಿದ್ರ ಪರದೆ ಹಾಕ್ರಿ. ಮತ್ತ ಮುಖ್ಯ, ಆಕಾಶಬುಟ್ಟಿ! ದೀಪಾವಳಿಗೆ ಕಟ್ಟಿದ್ದು ಕಾರ್ತಿಕ ಮುಗಿಯೋ ತನಕ ಬಾಲ್ಕನ್ಯಾಗ ಜೋತಾಡ್ತಿರ್ತೈತಲ್ಲ, ಬರೋಬ್ಬರಿ ಗಿಡ ಮೊಗ್ಗಿನ ವಿಚಾರ ಮಾಡೋ ಟೈಮಿಗೆ ಬರೋಬ್ಬರಿ ಅದರ ನೆತ್ತಿ ಮ್ಯಾಲ. ಬುಟ್ಟಿ ಕಟ್ಟಬ್ಯಾಡ್ರಿ ಅಂತ ನಾ ಹೇಳಂಗಿಲ್ಲ, ಹೇಳಿದ್ರ ನಿಮ್ಮ ಮಕ್ಕಳು ನನ್ನ ಬಿಡಂಗಿಲ್ಲ, ಗಿಡಾನ ಆ ಕಡೆ ಸರಸ್ರಿ. ಎದುರಿಗೆ ಸ್ಟ್ರೀಟ್‌ಲೈಟ್ ಇದ್ರ ನಾ ಮಾಡೋ ಪರೀಕ್ಷಿ ಇದು: ರಾತ್ರಿ ಒಂಬತ್ತಕ್ಕ ಗಿಡದ ಹತ್ರ ನಿಂತು ಪೇಪರ್ ಹಿಡೀರಿ, ಹೆಡ್‌ಲೈನ್ ಕೆಳಗಿನ ಸಣ್ಣ ಅಕ್ಷರ ಓದಾಕ ಬಂದ್ರ ಬೆಳಕು ಜಾಸ್ತಿ ಐತಿ. ಹಂಗಿದ್ರ ಒಂದು ದೊಡ್ಡ ರಟ್ಟಿನ ಡಬ್ಬಿ, ವಾಶಿಂಗ್ ಮಶೀನ್ ಬಂದಿದ್ದೋ ಏನೋ, ಸಂಜಿ ಆರಕ್ಕ ಡಬ್ ಹಾಕಿ ಮುಂಜಾನಿ ತಗೀರಿ, ಗಾಳಿಗೆ ಕೆಳಗ ಎರಡು ತೂತು ಇರ್ಲಿ. ಬೇಜಾರಿನ ಕೆಲಸ, ಖರೆ, ಒಂದಿನ ಮರತ್ರ ಏನೂ ಆಗಂಗಿಲ್ಲ ಆದ್ರ ವಾರದಾಗ ನಾಕು ದಿನ ಮರತ್ರ ಮಾಡಿದ್ದೆಲ್ಲಾ ವ್ಯರ್ಥ. ಬೆಳದಿಂಗಳಿಗೆ ಅಂಜಬ್ಯಾಡ್ರಿ, ಅದು ಏನೂ ಮಾಡಂಗಿಲ್ಲ.

ಹೊರಗ ಇಟ್ರ ಇನ್ನೊಂದು ಲಾಭ ಐತಿ, ಥಂಡಿ. ಹೂವಿನ ಮೊಗ್ಗಿಗೆ ಈ ಗಿಡ ರಾತ್ರಿ 10ರಿಂದ 15 ಡಿಗ್ರಿ ಇದ್ರ ಖುಷಿ ಪಡ್ತೈತಿ. ಧಾರವಾಡ ಹುಬ್ಬಳ್ಳಿಯೊಳಗ ಡಿಸೆಂಬರ್ ಜನವರಿ ರಾತ್ರಿ 14-15ರ ಆಸುಪಾಸು ಬರ್ತೈತಿ, ಕೆಲವು ದಿನ ಇನ್ನೂ ಕೆಳಗ. ಆದ್ರ ಕಾಂಕ್ರೀಟ್ ಫ್ಲ್ಯಾಟ್‌ನ್ಯಾಗ ಬಾಗಲಾ ಹಾಕ್ಕೊಂಡು ಮಲಗಿದ್ರ ಒಳಗ 22-23. ಗದಗ ಕಡೆಯವ್ರು "ನಮ್ಮ ಊರಾಗ ಬಿಸಲು, ಇಲ್ಲಿ ಎಲ್ಲಿ ಹೂ ಬರ್ತೈತಿ" ಅಂತಾರ, ಅವ್ರು ಹಂಗ ಕೈ ಬಿಡಬೇಕಾಗಿಲ್ಲ, ಅಲ್ಲಿ ಬಯಲು ಸೀಮಿ ಒಣ ಹವಾ, ಮಧ್ಯಾಹ್ನ ಎಷ್ಟ ಸುಟ್ರೂ ಚಳಿಗಾಲದಾಗ ರಾತ್ರಿ ಲಗೂನ ತಣ್ಣಗಾಗ್ತೈತಿ, ಗಚ್ಚಿ ಮ್ಯಾಲ ಇಟ್ಟು ನೋಡ್ರಿ.

ನೀರಿನ ವಿಷಯಕ್ಕ ಸ್ವಲ್ಪ ಜಗಳಾನ ಮಾಡಬೇಕಾಗೈತಿ ನಿಮ್ಮ ಕೂಡ. ಎರಡು ದಿನಕ್ಕೊಮ್ಮೆ ನೀರು ಹಾಕಿದ್ರೂ 6 ವರ್ಷ ಬದುಕೈತಿ ಅಂದ್ರ ನಿಮ್ಮ ಪಾಟಿಗೆ ಚೊಲೋ ತೂತು ಇರಬೇಕು, ಇಲ್ಲಂದ್ರ ಯಾವಾಗೋ ಬೇರು ಕೊಳತು ಹೋಗಿರ್ತಿತ್ತು. ಈ ಜಾತಿ ಗಿಡ ಉಸಿರಾಡೋ ರೀತಿನ ಬ್ಯಾರೆ. ಬ್ಯಾರೆ ಗಿಡ ಹಗಲು ಎಲಿಯ ತೂತು ತಗದು ಗಾಳಿ ಒಳಗ ತಗೊಂತಾವ, ಜೇಡ್ ಹಗಲು ಬಾಗಲಾ ಹಾಕ್ಕೊಂಡು ರಾತ್ರಿ ತಗೀತೈತಿ, ಇಂಗಾಲದ ಡೈಆಕ್ಸೈಡ್ ಹಿಡದು ಹುಳಿ ಮಾಡಿ ಎಲ್ಯಾಗ ಕೂಡಿಟ್ಟು ಮರುದಿನ ಬಿಸಲಿನಾಗ ಅದನ್ನ ಸಕ್ಕರಿ ಮಾಡ್ಕೊಂತೈತಿ, ಹಿಂಗಾಗಿ ಬಿಸಲಿನಾಗ ನೀರು ಹಾರಿ ಹೋಗೋದ ಕಡಿಮಿ. ಈ ಕ್ರಮಕ್ಕ ವಿಜ್ಞಾನದಾಗ ಇಟ್ಟ ಹೆಸರ ಜೇಡ್‌ನ ಕುಟುಂಬದ್ದು, ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ. ಇದರ ಸುಳಿವು ಮೊದಲಿಗೆ ಬರದಿಟ್ಟವ್ರಾಗ ಒಬ್ಬ ಬೆಂಜಮಿನ್ ಹೇನ್, ಬೆಂಗಳೂರಿನ ಲಾಲ್‌ಬಾಗ್ ನೋಡ್ಕೊಂಡಿದ್ದ ಸಸ್ಯತಜ್ಞ. ಎಲಿ ಅಂಚಿನಾಗ ಮರಿ ಹುಟ್ಟತಾವಲ್ಲ, ಕಾಡು ಬಸಳಿ, ಅದರ ಎಲಿ ಮುಂಜಾನಿ ತಿಂದ್ರ ಹುಳಿ, ಮಧ್ಯಾಹ್ನಕ್ಕ ಸಪ್ಪಗ ಅಂತ ಆತ ಬರದಿದ್ದು 1815ರಾಗ ಲಂಡನ್ನಿನಾಗ ಅಚ್ಚಾತು. ಒಂದು ಎಲಿನ ಮೂರು ಹೊತ್ತು ಕಡದು ನೋಡೋ ವ್ಯವಧಾನ ಆ ಕಾಲದ ಮಂದಿಗೆ ಇತ್ತು ನೋಡ್ರಿ.

ಹಿಂಗಾಗಿ ದಸರಾದಾಗ ಬನ್ನಿ ಕೊಟ್ಟ ಮರುದಿನದಿಂದ ನೀರು ಕಡಿಮಿ ಮಾಡ್ರಿ. ಮಣ್ಣು ತಳತನಕ ಒಣಗಿ, ಎಲಿ ಮುಟ್ಟಿದ್ರ ಸ್ವಲ್ಪ ಮೆತ್ತಗಾಗಿ, ಸಣ್ಣ ಸುಕ್ಕು ಕಂಡ ಮ್ಯಾಲನ ನೀರು, ಅಂದ್ರ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ, ಅದೂ ಒಂದು ಚಂಬು. ನಿಮ್ಮ ಕೈ ಸುಮ್ನ ಇರಂಗಿಲ್ಲ ಅಂತ ನನಗ ಗೊತ್ತು, ಚಂಬು ಹಿಡಕೊಂಡು ಹೋದಾಗೆಲ್ಲಾ ತುಳಸಿಗೆ ಹಾಕಿ ಬರ್ರಿ. ಮೊಗ್ಗು ಕಂಡ ಮ್ಯಾಲ ವಾರ ಹತ್ತು ದಿನಕ್ಕೊಮ್ಮೆ ಮಾಡ್ರಿ, ಆವಾಗ ಪೂರ್ತಿ ಒಣಗಿಸಿದ್ರ ಮೊಗ್ಗು ಉದರ್ತಾವ.

ಗೊಬ್ಬರ ಈಗ ನಿಂದರಸ್ರಿ. 19:19:19ರಾಗ ಸಾರಜನಕ ಐತಿ, ಅದು ಎಲಿಗೆ ಒಳ್ಳೇದು, ನೀವು ಎಲಿ ಕೇಳೀರಿ ಗಿಡ ಎಲಿ ಕೊಟ್ಟೈತಿ. ಬಾಳಿಹಣ್ಣಿನ ಸಿಪ್ಪಿ ನೆನಸಿದ ನೀರು ಗಿರು ಏನೂ ಬ್ಯಾಡ, ನೊಣ ಬರ್ತಾವ ಅಷ್ಟ. ಹೂವೆಲ್ಲಾ ಮುಗದು ಹೋಳಿ ಹುಣ್ಣಿಮಿ ಹೊತ್ತಿಗೆ ಒಂದು ಮುಷ್ಟಿ ಎರೆಗೊಬ್ಬರ ಹಾಕಿದ್ರ ಮುಗೀತು. ಪಾಟ್ ಈ ವರ್ಷ ಬದಲಿ ಮಾಡಬ್ಯಾಡ್ರಿ, ಬೇರು ಸ್ವಲ್ಪ ಬಿಗಿ ಇದ್ರನ ಈ ಗಿಡ ಹೂವಿನ ಕಡೆ ತಿರಗೋದು. ಮುಂದ ಎಂದಾದ್ರೂ ಬದಲಿ ಮಾಡೋ ದಿನ ಯರಿ ಮಣ್ಣು ಮಾತ್ರ ಹಾಕಬ್ಯಾಡ್ರಿ, ನವಲಗುಂದ ಗದಗ ಕಡೆ ಜನ ಹೊಲದ್ದ ತಂದು ತುಂಬ್ತಾರ, ಅದು ಜೋಳಕ್ಕ ಕಡ್ಲಿಗೆ ಬಂಗಾರ, ಪಾಟ್‌ನ್ಯಾಗ ನೀರು ಹಿಡಕೊಂಡು ಕುಂದರ್ತೈತಿ, ಒಣಗಿದ್ರ ಕಲ್ಲಾಗಿ ಬಿರಿ ಬಿಟ್ಟು ಬೇರು ಹರೀತೈತಿ. ಮಸಾರಿ ಮಣ್ಣು ಒಂದು ಪಾಲು, ದಪ್ಪ ಉಸುಕು ಒಂದು ಪಾಲು, ಇಟ್ಟಂಗಿ ಚೂರು ಒಂದು ಪಾಲು, ಮ್ಯಾಲ ಸ್ವಲ್ಪ ಗೊಬ್ಬರ.

ಈಗ ಕತ್ತರಿ. ನಿಮ್ಮ ಪತ್ರದಾಗ ನನಗ ಎದಿ ಧಸಕ್ಕಂದಿದ್ದು ಇಲ್ಲೇ. ಜೇಡ್ ಹೂ ಬರೋದು ಟೊಂಗಿಯ ತುದಿಗೆ, ಬ್ಯಾರೆ ಎಲ್ಲೂ ಅಲ್ಲ. ದೀಪಾವಳಿ ಮುಂದ ನೀವು ಛಂದ ಕಾಣ್ಲಿ ಅಂತ ಕತ್ತರಸೋ ಆ ತುದಿನ ಎರಡು ತಿಂಗಳಿಗೆ ಮೊಗ್ಗು ಆಗಬೇಕಾಗಿದ್ದು. ಒಂದು ವೇಳೆ ನೀವು ಹಾಲ್‌ನ್ಯಾಗ ಕತ್ತಲ ಮಾಡಿ ಕುಂತಿದ್ರೂ ಈ ಕತ್ತರಿ ಒಂದ ಸಾಕಿತ್ತು ಎಲ್ಲಾ ಕೆಡಸಾಕ. ಕಟ್ ಮಾಡಬೇಕು ಅಂದ್ರ ಹೂ ಮುಗದ ಮ್ಯಾಲ, ಫೆಬ್ರವರಿ ಮಾರ್ಚ್‌ನ್ಯಾಗ, ಅಷ್ಟರಾಗ ಮುಗಿಸ್ರಿ. ಆಮ್ಯಾಲ ಅದನ್ನ ಮುಟ್ಟಬ್ಯಾಡ್ರಿ.

ವಯಸ್ಸಿನ ಚಿಂತಿ ನಿಮಗ ಬ್ಯಾಡ. ಎಲಿಯಿಂದ ಹುಟ್ಟಿಸಿದ ಮರಿ ಇದ್ರ ವರ್ಷಗಟ್ಟಲೆ ಕಾಯಬೇಕಾಗ್ತಿತ್ತು, ನಿಮ್ದು ಹೂ ಬಿಡೋ ಗಿಡದ ಬಲತ ಟೊಂಗಿ, 6 ವರ್ಷ ಆಗೈತಿ, ಬುಡ ಹೆಬ್ಬೆರಳಷ್ಟು ದಪ್ಪ ಇದ್ರ ತಯಾರೈತಿ ಅಂತ ತಿಳ್ಕೋರಿ. ಈ ವರ್ಷನ ಬರ್ತೈತಿ ಅಂತ ಬರದು ಕೊಡಾಕ ನನ್ನ ಕೈಲಿ ಆಗಂಗಿಲ್ಲ, ಬಿಸಲಿಗೆ ಹೊಂದ್ಕೊಳ್ಳಾಕ ಅದಕ್ಕ ಒಂದು ವರ್ಷ ಬೇಕಾಗಬಹುದು, ಈ ಸಲ ಬರದಿದ್ರ ಗಿಡಾನ ಹೊಳ್ಳಿ ಟಿವಿ ಹತ್ರ ಒಯ್ಯಬ್ಯಾಡ್ರಿ, ಹೊರಗ ಇರ್ಲಿ, ಮಳಿಗಾಲದಾಗ ಜಿಟಿಜಿಟಿ ಮಳಿ ಬೀಳದಂಗ ಛಾವಣಿ ಕೆಳಗ ಸರಸ್ರಿ ಅಷ್ಟ.

ಮೊಗ್ಗು ಬಂದಿದ್ದು ಮೊದಲ ಸಲ ಗುರ್ತ ಸಿಗಂಗಿಲ್ಲ. ತುದಿಯೊಳಗ ಎಲಿ ಜೋಡಿ ನಡುವ ಇನ್ನೊಂದು ಚಿಗುರು ಬಂತು ಅಂತ ಅನಸ್ತೈತಿ, ಆದ್ರ ಅದು ಎಲಿಯಂಗ ಅಗಲ ಆಗದ ತೆಳ್ಳನ ದೇಟು ಆಗಿ ಮ್ಯಾಲ ಏಳ್ತೈತಿ, ಅದರ ಮ್ಯಾಲ ರಾಜಗಿರಿ ಕಾಳಿನಂಥಾ ಗುಲಾಬಿ ಗುಂಡು. ಅಲ್ಲಿಂದ ಅರಳಾಕ ಒಂದು ತಿಂಗಳ ಮ್ಯಾಲನ ಹಿಡಿಬಹುದು. ಆ ಟೈಮಿನಾಗ ಪಾಟ್ ತಿರುವ್ಯಾಡಬ್ಯಾಡ್ರಿ, ಜಾಗಾ ಬದಲಿ ಮಾಡಬ್ಯಾಡ್ರಿ, ಬೀಗರು ಬಂದಾರ ಅಂತ ಹಾಲ್‌ಗೆ ತರಬ್ಯಾಡ್ರಿ, ಪೂರ್ತಿ ಅರಳಿದ ಮ್ಯಾಲ ಬೇಕಾದ್ರ ತಂದು ಟಿವಿ ಬಾಜೂಕ ಇಡ್ರಿ, ಆಗ ಟ್ಯೂಬ್‌ಲೈಟ್ ಏನೂ ಮಾಡಂಗಿಲ್ಲ. ದೇಟಿನ ಸಂದ್ಯಾಗ ಬೆಳ್ಳನ ಹತ್ತಿಯಂಥಾದ್ದು ಕಂಡ್ರ ಹಿಟ್ಟು ತಿಗಣಿ, ಸಾಬೂನು ನೀರಿನಾಗ ಅದ್ದಿದ ಸಣ್ಣ ಬ್ರಶ್ಶಿನಿಂದ ಒರಸಿ ತಗೀರಿ, ಔಷಧಿ ಹೊಡಿಯೋದು ಬ್ಯಾಡ.

ಹೂ ಐದೆಸಳಿನ ನಕ್ಷತ್ರ, ಬಿಳಿದು ಇಲ್ಲಾ ತೆಳು ಗುಲಾಬಿ, ಹತ್ರ ಮೂಗಿಟ್ರ ಸಣ್ಣಗ ಸಿಹಿ ವಾಸನಿ, ಎರಡು ಮೂರು ವಾರ ಆರಾಮ ಇರ್ತಾವ. ಒಣಗಿ ಕಂದು ಆದ ಮ್ಯಾಲ ದೇಟು ಬೆರಳಿಂದ ಮುರದು ತಗೀರಿ, ಎಳದು ಕೀಳಬ್ಯಾಡ್ರಿ. ಆ ತುದಿ ಮುಂದ ಬೆಳಿಯಂಗಿಲ್ಲ, ಅದರ ಕೆಳಗಿಂದ ಎರಡು ಹೊಸಾ ಟೊಂಗಿ ಒಡಿತಾವ, ನೀವು ಕತ್ತರಿ ಹಿಡದು ಮಾಡ್ತಿದ್ದ ಆಕಾರಾನ ಗಿಡ ತಾನ ಮಾಡ್ಕೊಂತೈತಿ.